ವೀಣೆಯ ಬೆಲೆಯೂ ನಾದವೂ

ಪಾಂಡವಪುರ ತಾಲ್ಲೂಕಿನ ಚಿನಕುರಳಿಯಂತಹ ಊರಿನ ರೈತ ಕುಟುಂಬವೊಂದು ಮಗಳ ಕಲಿಕೆಗಾಗಿ ವೀಣೆಯನ್ನು ಕೊಳ್ಳಲು ಮೈಸೂರಿಗೆ ಹೋಯಿತೆಂದು ಭಾವಿಸೋಣ. ವೈಣಿಕ ಶಿಖಾಮಣಿ ಶೇಷಣ್ಣನವರು (1852-1926) ಬಾಳಿದ ನಗರವದು. ಅಲ್ಲಿ ನೋಟಕ್ಕೆ ಒಂದೇ ಬಗೆಯಾಗಿ ಕಾಣುವ ಎರಡು ವೀಣೆಗಳ ಬೆಲೆಯಲ್ಲಿ ಬಹಳ ಅಂತರವಿರಬಹುದು. ಈ ಅಂತರದಲ್ಲಿ ನಾದಕ್ಕೆ ಸಲ್ಲುವ ಪಾಲೆಷ್ಟು, ಅಲಂಕಾರಕ್ಕೆ ಸಲ್ಲುವ ಪಾಲೆಷ್ಟು ಎಂಬುದನ್ನು ಅರಿಯುವುದು ಅವಶ್ಯಕ.

ಕೊಡ, ದಂಡಿ ಮತ್ತು ಯಾಳಿಮುಖ ಇವು ವೀಣೆಯ ಮುಖ್ಯ ಭಾಗಗಳು. ಮೀಟಿದ ತಂತಿಯ ಕಂಪನವು ಕುದುರೆಯ ಮೂಲಕ ಕೊಡದ ಮೇಲಣ ಹಲಗೆಗೆ ಹರಿದು, ಒಳಗಿನ ಗಾಳಿಯನ್ನೂ ಅಲುಗಿಸಿ, ತುಂಬುನಾದವಾಗಿ ಹೊಮ್ಮುತ್ತದೆ. ಕಡಿಮೆ ಬೆಲೆಯ ವೀಣೆಗಳಲ್ಲಿ ಈ ಭಾಗಗಳನ್ನು ಬೇರೆಬೇರೆಯಾಗಿ ಮಾಡಿ ಜೋಡಿಸಿರುತ್ತಾರೆ. ಏಕಾಂಡ ವೀಣೆಯಲ್ಲಾದರೋ ಇವೆಲ್ಲವನ್ನೂ ಹಲಸಿನ ಒಂದೇ ದಿಮ್ಮಿಯಿಂದ ಕೊರೆದು ತೆಗೆಯುತ್ತಾರೆ. ಅದಕ್ಕೆ ಬಿರುಕಿಲ್ಲದ ದೊಡ್ಡ ಮರ ಬೇಕು. ಉಳಿ ತಪ್ಪಿದರೆ ಇಡೀ ದಿಮ್ಮಿಯೇ ವ್ಯರ್ಥ. ಆದುದರಿಂದಲೇ ಅದರ ಬೆಲೆ ಹೆಚ್ಚು. ಬೆಸುಗೆಯಿಲ್ಲದ ಮರದಲ್ಲಿ ನಾದವು ತಡೆಯಿಲ್ಲದೆ ಹರಿಯುತ್ತದೆಂಬುದು ವಾದಕರ ನಂಬಿಕೆ.

ಪಾಶ್ಚಾತ್ಯರ ಗಿಟಾರಿನಲ್ಲಿಯೂ ಇಂತಹುದೇ ಭೇದವುಂಟು. ಅಗ್ಗದ ಗಿಟಾರಿನ ಮೇಲ್ಹಲಗೆಯು ತೆಳುವಾದ ಪದರಗಳನ್ನು ಅಂಟಿಸಿ ಮಾಡಿದುದು. ದುಬಾರಿಯದು ಪದರಗಳಿಲ್ಲದ ಗಟ್ಟಿ ಮರದ್ದು. ಗಟ್ಟಿ ಮರದ ಹಲಗೆ ಹೆಚ್ಚು ಸರಾಗವಾಗಿ ಕಂಪಿಸುತ್ತದೆ. ಆದರೆ ಬಿಸಿಲನ್ನೂ ತೇವವನ್ನೂ ತಾಳುವ ಗುಣ ಅಂಟಿಸಿದ ಹಲಗೆಗೇ ಹೆಚ್ಚು. ಅಗ್ಗವಾದುದೆಲ್ಲ ಕೀಳಲ್ಲವೆಂಬುದಕ್ಕೆ ಇದೇ ನಿದರ್ಶನ.

ಇನ್ನು ಅಲಂಕಾರದ ಮಾತು. ಹಿಂದೆ ವೀಣೆಗೆ ಆನೆಯ ದಂತದ ಕುಸುರಿಯನ್ನು ಕೂರಿಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದರ ತಿದ್ದುಪಡಿಗಳಿಂದ ದಂತದ ವ್ಯಾಪಾರ ನಿಂತ ಮೇಲೆ ಪ್ಲಾಸ್ಟಿಕ್ ಮುಂತಾದವು ಅದರ ಸ್ಥಾನಕ್ಕೆ ಬಂದವು. ಈ ಕುಸುರಿಯಿಂದ ಬೆಲೆ ಏರುವುದೇ ಹೊರತು ನಾದವೇನೂ ಹೆಚ್ಚುವುದಿಲ್ಲ.

ಕಲಿಯುವವರಿಗೆ ಇವೆಲ್ಲಕ್ಕಿಂತ ಮುಖ್ಯವಾದುದು ಮೆಟ್ಟಿಲುಗಳ ಜೋಡಣೆ. ದಂಡಿಯ ಮೇಲೆ ಮೇಣದಲ್ಲಿ 24 ಮೆಟ್ಟಿಲುಗಳನ್ನು ಕೂರಿಸಿರುತ್ತಾರೆ. ಮೇಣ ಸಡಿಲಿದರೆ ಸ್ವರ ತಪ್ಪುತ್ತದೆ. ಷಡ್ಜಕ್ಕೆ ಶ್ರುತಿಮಾಡಿದ ಮೊದಲ ತಂತಿಯನ್ನು 12ನೆಯ ಮೆಟ್ಟಿಲಲ್ಲಿ ಒತ್ತಿ ಮೀಟಿದಾಗ ಮೇಲಿನ ಷಡ್ಜವೇ ನುಡಿಯಬೇಕು. ತಂತಿಯು ಮೆಟ್ಟಿಲಿನಿಂದ ಅತಿ ಎತ್ತರದಲ್ಲಿಯೂ ಇರಬಾರದು. ಇದ್ದರೆ ಎಳೆಯ ಬೆರಳುಗಳು ನೋಯುತ್ತವೆ. ಬಿರಡೆಗಳು ಜಾರದೆ ನಿಲ್ಲಬೇಕು. ಈ ಪರೀಕ್ಷೆಗೆ ಹಣ ಬೇಕಿಲ್ಲ. ತಿಳಿದವರೊಬ್ಬರ ಕಿವಿ ಸಾಕು.

ಮೆಟ್ಟಿಲು ಕೆಟ್ಟ ವೀಣೆಯನ್ನು ನುಡಿಸುವ ಮಗು, ತಪ್ಪು ವಾದ್ಯದ್ದೆಂದು ಅರಿಯದೆ, ತನಗೆ ಸಂಗೀತವೇ ಒಲಿಯದೆಂದು ಕೈಬಿಡಬಹುದು. ನಷ್ಟಗಳಲ್ಲೆಲ್ಲ ಇದೇ ದೊಡ್ಡದು. ಆದುದರಿಂದ ಮೊದಲ ವೀಣೆ ಜೋಡಣೆಯದಾದರೂ ಚಿಂತೆಯಿಲ್ಲ, ಶ್ರುತಿಶುದ್ಧವಾಗಿದ್ದರೆ ಸಾಕು. ಏಕಾಂಡ ವೀಣೆಯ ಸೂಕ್ಷ್ಮಗುಣವನ್ನು ಹೊರತರಬಲ್ಲ ಕೈ ಸಿದ್ಧವಾದ ಬಳಿಕ, ಅದಕ್ಕೆ ತೆತ್ತ ಹಣ ಸಾರ್ಥಕವಾಗುತ್ತದೆ.