ವೇತನ ಚೀಟಿಯಲ್ಲಿ ಮರಳಿ ಬಾರದ ಸಾಲು

ಎಚ್-1ಬಿ ವೀಸಾದ ಮೇಲೆ ಬೆಂಗಳೂರಿನಿಂದ ಅಮೆರಿಕಕ್ಕೆ ತೆರಳುವ ಎಂಜಿನಿಯರುಗಳನ್ನು ಅಲ್ಲಿನ ಮೊದಲ ವೇತನ ಚೀಟಿ ತಬ್ಬಿಬ್ಬುಗೊಳಿಸುವುದುಂಟು. ನೇಮಕಾತಿ ಪತ್ರದಲ್ಲಿ ಕಂಡ ಮೊತ್ತವೇ ಬೇರೆ, ಬ್ಯಾಂಕಿಗೆ ಜಮೆಯಾದ ಮೊತ್ತವೇ ಬೇರೆ. 'ಆ ದೇಶದಲ್ಲಿ ತೆರಿಗೆ ಜಾಸ್ತಿ' ಎಂದು ಸಮಾಧಾನ ಹೇಳಿಕೊಂಡು ಚೀಟಿಯನ್ನು ಮಡಚಿಡುವುದು ಸುಲಭ. ಆದರೆ ಅಲ್ಲಿರುವ ಕಡಿತಗಳೆಲ್ಲ ತೆರಿಗೆಯಲ್ಲ. ಎಲ್ಲದರ ಗತಿಯೂ ಒಂದೇ ಅಲ್ಲ.

ಫೆಡರಲ್ ಆದಾಯ ತೆರಿಗೆ ಅಂದಾಜಿನ ಮೇಲೆ ನಡೆಯುವ ಕಡಿತ. ಕೆಲಸಕ್ಕೆ ಸೇರುವಾಗ ತುಂಬಿಕೊಟ್ಟ ಡಬ್ಲ್ಯು-4 ನಮೂನೆಯೇ ಅದಕ್ಕೆ ಆಧಾರ. ಹೆಚ್ಚು ಮುರಿದುಕೊಂಡಿದ್ದರೆ ಮರುವರ್ಷ ರಿಟರ್ನ್ಸ್ ಸಲ್ಲಿಸಿದಾಗ ಹಿಂದಿರುಗುತ್ತದೆ. ರಾಜ್ಯದ ತೆರಿಗೆ ನೆಲೆಸಿದ ಜಾಗಕ್ಕೆ ತಕ್ಕಂತೆ: ಕ್ಯಾಲಿಫೋರ್ನಿಯಾದಲ್ಲಿ ದುಬಾರಿ, ಟೆಕ್ಸಾಸ್‌ನಲ್ಲಿ ಇಲ್ಲವೇ ಇಲ್ಲ. 401(ಕೆ) ಎಂಬ ಸಾಲಿನಲ್ಲಿರುವುದು ನೌಕರರದೇ ನಿವೃತ್ತಿ ಉಳಿತಾಯ. ಊರಿಗೆ ಮರಳಿದರೂ ಅದು ಅವರದೇ.

ಗಮನಿಸಬೇಕಾದ ಸಾಲು ಬೇರೊಂದಿದೆ. ಕೆಲವು ಚೀಟಿಗಳಲ್ಲಿ ಅದು 'ಫಿಕಾ' ಎಂದು, ಕೆಲವುಗಳಲ್ಲಿ 'ಒಎಎಸ್‌ಡಿಐ' ಮತ್ತು 'ಮೆಡಿಕೇರ್' ಎಂದು ಎರಡಾಗಿ ಕಾಣಿಸಿಕೊಳ್ಳುತ್ತದೆ. ಮೊದಲನೆಯದು ವೃದ್ಧಾಪ್ಯ ಪಿಂಚಣಿಯ, ಅಂದರೆ ಸೋಷಿಯಲ್ ಸೆಕ್ಯುರಿಟಿಯ ವಂತಿಗೆ, ಶೇ 6.2, ಎರಡನೆಯದು ಹಿರಿಯ ನಾಗರಿಕರ ಆರೋಗ್ಯ ವಿಮೆಯದು, ಶೇ 1.45. ವರ್ಷಕ್ಕೆ ಒಂದು ಲಕ್ಷ ಡಾಲರ್ ವೇತನವಿದ್ದರೆ 7,650 ಡಾಲರ್ ಇಲ್ಲಿಗೇ ಸಂದಾಯ. ಉದ್ಯೋಗದಾತರೂ ಅಷ್ಟೇ ಕಟ್ಟುತ್ತಾರೆ.

ಪಿಂಚಣಿಗೆ ಅರ್ಹರಾಗಲು 40 ಕ್ರೆಡಿಟ್‌ಗಳು ಬೇಕು. ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಿಗುವುದಿಲ್ಲವಾದ್ದರಿಂದ ಕನಿಷ್ಠ ಹತ್ತು ವರ್ಷ ದುಡಿಯಬೇಕು. ಎಚ್-1ಬಿ ವೀಸಾದ ಗರಿಷ್ಠ ಅವಧಿಯಾದರೋ ಸಾಮಾನ್ಯವಾಗಿ ಆರು ವರ್ಷ! ಗ್ರೀನ್ ಕಾರ್ಡಿನ ಸರತಿಯಲ್ಲಿ ನಿಂತವರು ವಿಸ್ತರಣೆ ಪಡೆದು ಹತ್ತನ್ನು ದಾಟಬಹುದು. ಆರಕ್ಕೇ ಗಂಟುಮೂಟೆ ಕಟ್ಟಿದವರು ಮೇಲಿನ ಲೆಕ್ಕದಲ್ಲಿ 45,900 ಡಾಲರ್ ಬಿಟ್ಟುಬರುತ್ತಾರೆ. ಭವಿಷ್ಯನಿಧಿಯಂತೆ ಅದನ್ನು ಹಿಂಪಡೆಯುವ ದಾರಿ ಇಲ್ಲ.

ದೇಶದೇಶಗಳ ನಡುವಣ ಸಾಮಾಜಿಕ ಭದ್ರತಾ ಒಪ್ಪಂದಗಳು ಹುಟ್ಟಿದ್ದೇ ಈ ತೊಡಕಿನ ನಿವಾರಣೆಗೆ. ಅಲ್ಪಾವಧಿಗೆ ಬಂದ ನೌಕರರು ತವರಿನಲ್ಲಿ ಮಾತ್ರ ವಂತಿಗೆ ಕಟ್ಟಿದರೆ ಸಾಕು. ಹಲವು ಒಪ್ಪಂದಗಳಲ್ಲಿ ಎರಡೂ ಕಡೆಯ ಸೇವಾವಧಿಯನ್ನು ಕೂಡಿಸಿ ಪಿಂಚಣಿಯ ಅರ್ಹತೆಯನ್ನು ನಿರ್ಧರಿಸುವ ಅವಕಾಶವೂ ಉಂಟು. ಬೆಲ್ಜಿಯಂ ಜೊತೆಗಿನ ಭಾರತದ ಒಪ್ಪಂದ 2009ರಲ್ಲಿ ಜಾರಿಗೆ ಬಂತು, ಜರ್ಮನಿಯೊಡನೆ 2017ರಲ್ಲಿ. ಅಮೆರಿಕವು ಇಟಲಿಯಿಂದ ಜಪಾನಿನವರೆಗೆ ಹಲವು ದೇಶಗಳೊಡನೆ ಕೈಕುಲುಕಿದೆ. ಭಾರತದೊಡನೆ ಮಾತುಕತೆ ವರ್ಷಗಟ್ಟಲೆ ನಡೆದರೂ ಫಲ ಕಂಡಿಲ್ಲ. ಎದುರು ದೇಶದಲ್ಲಿ ಸಾರ್ವತ್ರಿಕವಾಗಿ ಅನ್ವಯವಾಗುವ ಪಿಂಚಣಿ ವ್ಯವಸ್ಥೆ ಇರಬೇಕೆನ್ನುವುದು ಅಮೆರಿಕದ ಕಾನೂನು. ಕೂಲಿಕಾರರು, ಬೀದಿ ವ್ಯಾಪಾರಿಗಳು ಬಹುತೇಕ ಪಿಂಚಣಿಯಿಂದ ಹೊರಗೇ ಉಳಿದಿರುವ ನಾಡಿನವರು ಈ ವಾದವನ್ನು ಪೂರಾ ತಳ್ಳಿಹಾಕುವುದು ಕಷ್ಟ. ಆದರೆ ಅದರ ಬೆಲೆಯನ್ನು ತೆರುತ್ತಿರುವವರು ಎಂಜಿನಿಯರುಗಳು ಎಂಬುದೂ ಅಷ್ಟೇ ನಿಜ.

ವಿದ್ಯಾರ್ಥಿಗಳ ವಿಷಯ ಬೇರೆ. ಎಫ್-1 ವೀಸಾದವರಿಗೆ, ಪದವಿಯ ನಂತರದ ಒಪಿಟಿ ಕೆಲಸವೂ ಸೇರಿದಂತೆ, ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ಫಿಕಾ ವಿನಾಯಿತಿ ಇದೆ. ವೇತನ ವಿಭಾಗ ಇದನ್ನರಿಯದೆ ಮುರಿದುಕೊಂಡಿದ್ದರೆ ಮೊದಲು ಉದ್ಯೋಗದಾತರನ್ನೇ ಕೇಳಬೇಕು. ಅವರು ಕೊಡದಿದ್ದರೆ ತೆರಿಗೆ ಇಲಾಖೆಗೆ 843ನೇ ನಮೂನೆ ಸಲ್ಲಿಸಬಹುದು. ಇದಕ್ಕೆ ಕಾಲಮಿತಿ ಇರುವುದರಿಂದ ಚೀಟಿಯನ್ನು ಆಗಿಂದಾಗಲೇ ಓದುವುದು ಲೇಸು.

ಇದೇ ನಾಟಕದ ಇನ್ನೊಂದು ಅಂಕ ನಮ್ಮಲ್ಲಿಯೂ ನಡೆದಿದೆ. ಒಪ್ಪಂದವಿಲ್ಲದ ದೇಶಗಳಿಂದ ಬಂದು ಇಲ್ಲಿ ದುಡಿಯುವವರು ಪೂರ್ಣ ವೇತನದ ಮೇಲೆ ಭವಿಷ್ಯನಿಧಿ ವಂತಿಗೆ ಕಟ್ಟಬೇಕೆಂದು ಭಾರತ 2008ರಲ್ಲಿ ನಿಯಮ ತಂದಿತು. ಭಾರತೀಯ ನೌಕರರಿಗಿರುವ ವೇತನ ಮಿತಿ ಅವರಿಗಿಲ್ಲ. ಹಣ ಕೈಸೇರಲು ಸಾಮಾನ್ಯವಾಗಿ 58 ತುಂಬಬೇಕು. ಈ ನಿಯಮ ತಾರತಮ್ಯದಿಂದ ಕೂಡಿದೆಯೆಂದು ಕರ್ನಾಟಕ ಹೈಕೋರ್ಟ್ 2024ರ ಏಪ್ರಿಲ್‌ನಲ್ಲಿ ಅದನ್ನು ರದ್ದುಪಡಿಸಿತು. ದೆಹಲಿ ಹೈಕೋರ್ಟ್ 2025ರಲ್ಲಿ ಅದನ್ನೇ ಎತ್ತಿಹಿಡಿಯಿತು.