ಪರಿಸರ ಅಧ್ಯಯನ: ಪಠ್ಯದಿಂದ ಕೆರೆಯ ದಂಡೆಗೆ

ವಾಣಿಜ್ಯವನ್ನೋದುವವನೇ ಆಗಲಿ, ಇತಿಹಾಸವನ್ನೋದುವವಳೇ ಆಗಲಿ, ಪದವಿ ತರಗತಿಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಪರಿಸರ ಅಧ್ಯಯನವೆಂಬ ವಿಷಯವನ್ನು ಒಂದು ಸೆಮಿಸ್ಟರಿನ ಮಟ್ಟಿಗಾದರೂ ಓದಲೇಬೇಕೆಂಬ ಏರ್ಪಾಡಿಗೆ ನಮ್ಮ ದೇಶದಲ್ಲಿ ಮೂಲಪ್ರೇರಣೆ ಬಂದುದು ನ್ಯಾಯಾಲಯದಿಂದ. ವಕೀಲರಾದ ಎಂ. ಸಿ. ಮೆಹ್ತಾ ಅವರ ಅರ್ಜಿಯನ್ನು ವಿಚಾರಿಸಿದ ಸರ್ವೋಚ್ಚ ನ್ಯಾಯಾಲಯವು, ಪರಿಸರಜ್ಞಾನವು ಶಿಕ್ಷಣದ ಕಡ್ಡಾಯ ಅಂಗವಾಗತಕ್ಕದ್ದೆಂಬ ತತ್ತ್ವವನ್ನು 1991ರ ನವೆಂಬರ್ 22ರಂದು ಅಂಗೀಕರಿಸಿತು. ತರುವಾಯ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಆರು ತಿಂಗಳ ಪಠ್ಯಕ್ರಮವೊಂದನ್ನು ರಚಿಸಿ ಸಕಲ ಪದವಿ ತರಗತಿಗಳಿಗೂ ವಿಧಿಸಿತು.

ಆ ಮೊದಲ ಪಠ್ಯಕ್ರಮದಲ್ಲಿ ಎಂಟು ಘಟಕಗಳು, 50 ಗಂಟೆಗಳ ಪಾಠ ಇದ್ದುವು. ನೈಸರ್ಗಿಕ ಸಂಪತ್ತು, ಪರಿಸರ ವ್ಯವಸ್ಥೆ, ಜೀವವೈವಿಧ್ಯ, ಮಾಲಿನ್ಯ, ಜನಸಂಖ್ಯೆ ಮೊದಲಾದವುಗಳನ್ನು ಕ್ರಮವಾಗಿ ಬೋಧಿಸಿದ ಮೇಲೆ, ಕೊನೆಯ ಐದು ಗಂಟೆಗಳು ಕ್ಷೇತ್ರಕಾರ್ಯಕ್ಕೆ ಮೀಸಲಾಗಿದ್ದುವು. 100 ಅಂಕಗಳಲ್ಲಿ 75 ಲಿಖಿತ ಪರೀಕ್ಷೆಗಾದರೆ 25 ಈ ಕಾರ್ಯಕ್ಕಿದ್ದುವು. ಬಹುಮಂದಿ ವಿದ್ಯಾರ್ಥಿಗಳು ವ್ಯಾಖ್ಯೆಗಳನ್ನು ಕಂಠಪಾಠ ಮಾಡಿ, ಹಿಂದಿನ ವರ್ಷದವರ ವರದಿಯನ್ನು ನಕಲು ಮಾಡಿ ಈ ವಿಷಯದಿಂದ ಪಾರಾಗುವುದುಂಟು. ಆದರೆ ಕಟ್ಟಕಡೆಗೆ ಇರಿಸಲ್ಪಟ್ಟ ಆ ಕಿರುಘಟಕವೇ ಇಡಿಯ ಪಠ್ಯದ ಜೀವಾಳವೆಂದು ನನ್ನ ಅಭಿಪ್ರಾಯ.

ನಮ್ಮ ಬಯಲುಸೀಮೆಯ ಯಾವುದಾದರೊಂದು ಕೆರೆಯನ್ನೇ ತೆಗೆದುಕೊಳ್ಳೋಣ. ನೀರಿನಲ್ಲಿ ಕರಗಿರುವ ಆಮ್ಲಜನಕವೆಷ್ಟೆಂಬುದು ಅಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ. ಹಂಗೆರಿಯ ರಸಾಯನಶಾಸ್ತ್ರಜ್ಞ ವಿಂಕ್ಲರನು 1888ರಲ್ಲಿ ಪ್ರಕಟಿಸಿದ ಅಳತೆಯ ವಿಧಾನವು ಸಾಮಾನ್ಯ ಕಾಲೇಜಿನ ಪ್ರಯೋಗಶಾಲೆಯಲ್ಲಿಯೇ ಸಾಧ್ಯವಾಗತಕ್ಕದ್ದು. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಶುದ್ಧಜಲವು ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲುದು. ಸ್ನಾನಯೋಗ್ಯವೆನಿಸಲು ನೀರಿನಲ್ಲಿ ಕನಿಷ್ಠ 5 ಮಿಲಿಗ್ರಾಂ ಇರಬೇಕೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣ. ಚರಂಡಿಯ ನೀರಿನಿಂದ ಪುಷ್ಟಿಗೊಂಡು ಪಾಚಿಗಟ್ಟಿದ ಕೆರೆಯಾದರೋ, ನಡುಹಗಲಿನಲ್ಲಿ ಅಳೆದವನಿಗೆ ಸಮೃದ್ಧವಾಗಿಯೇ ಕಾಣುವುದು. ಬಿಸಿಲಿರುವ ತನಕ ಪಾಚಿಯು ಆಮ್ಲಜನಕವನ್ನು ನೀರಿಗೆ ಬಿಡುತ್ತದೆ. ಕತ್ತಲಾದ ಮೇಲೆ ಅದೇ ಪಾಚಿಯು, ಕೊಳೆತುದನ್ನು ತಿನ್ನುವ ಸೂಕ್ಷ್ಮಜೀವಿಗಳೊಡನೆ ಕೂಡಿ, ಗಳಿಸಿದುದನ್ನೆಲ್ಲ ಉಸಿರಾಡಿ ತೀರಿಸುತ್ತದೆ. ಇಂತಹ ಕೆರೆಗಳಲ್ಲಿ ಮೀನುಗಳು ಸಾಮಾನ್ಯವಾಗಿ ಬೆಳಗಿನ ಜಾವದಲ್ಲಿ ಸಾಯುವುದಕ್ಕೆ ಕಾರಣವಿದು. ಹಗಲಿನ ಒಂದೇ ಅಳತೆಯನ್ನು ನಂಬಬಾರದೆಂಬ ಪಾಠವನ್ನು ವಿದ್ಯಾರ್ಥಿಯು ಸೂರ್ಯೋದಯಕ್ಕೆ ಮುನ್ನ ಕೆರೆಯ ಏರಿಯ ಮೇಲೆ ನಿಂತೇ ಕಲಿಯಬೇಕು.

ಇದು ವಿಜ್ಞಾನದ ವಿದ್ಯಾರ್ಥಿಗಳ ಸೊತ್ತು ಮಾತ್ರವೆಂದು ಭಾವಿಸಬೇಕಾಗಿಲ್ಲ. ಕೆರೆಯ ನಿರ್ವಹಣೆಗೆಂದು ಬಿತ್ತುವಟ್ಟವಾಗಿ ಬಿಟ್ಟ ಭೂಮಿಯನ್ನು ಉಲ್ಲೇಖಿಸುವ ಶಾಸನಗಳನ್ನು ಇತಿಹಾಸದ ವಿದ್ಯಾರ್ಥಿಯು ಓದಬಹುದು; ತೂಬನ್ನೆತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಹಂಚುತ್ತಿದ್ದ ನೀರುಗಂಟಿಯ ಪದ್ಧತಿಯನ್ನು ಸಮಾಜಶಾಸ್ತ್ರದವಳು ಊರ ಹಿರಿಯರನ್ನು ಕೇಳಿ ಬರೆದುಕೊಳ್ಳಬಹುದು; ಕೊಳವೆಬಾವಿ ಬಂದ ಮೇಲೆ ಕೆರೆಯ ಮೇಲಿನ ಅಕ್ಕರೆ ಹೇಗೆ ಕುಗ್ಗಿತೆಂಬುದನ್ನು ಅರ್ಥಶಾಸ್ತ್ರದವನು ಲೆಕ್ಕಹಾಕಬಹುದು. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಯು ರಸ್ತೆಗೆ ಹಾರಿ ದೇಶದ ಗಮನವನ್ನು ಸೆಳೆದಾಗ, ಅದರ ಹಿಂದೆ ಮನೆಮನೆಯ ಮಾರ್ಜಕವೂ, ಶುದ್ಧೀಕರಣವಿಲ್ಲದೆ ಹರಿದುಬಂದ ಚರಂಡಿಯೂ, ಮಿತಿಮೀರಿ ಬೆಳೆದ ನಗರವೂ ಒಟ್ಟಾಗಿಯೇ ನಿಂತಿದ್ದುವು. ಯಾವ ಒಂದು ಶಾಸ್ತ್ರವೂ ತಾನೊಂದೇ ಅದನ್ನು ವಿವರಿಸಲಾರದು.

ವಿದ್ಯಾರ್ಥಿಯ ಇಂತಹ ಶೋಧಕ್ಕೆ ಲೋಕೋಪಯೋಗವೂ ಉಂಟು. 2002ರ ಜೀವವೈವಿಧ್ಯ ಕಾಯಿದೆಯು ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲಿಯೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿಯಿರಬೇಕೆಂದು ವಿಧಿಸಿದೆ. ಊರಿನ ಸಸ್ಯ, ಪ್ರಾಣಿ, ತಳಿಗಳನ್ನೂ ಅವುಗಳನ್ನು ಕುರಿತ ಜನರ ಅರಿವನ್ನೂ ದಾಖಲಿಸುವ ಜನತಾ ಜೀವವೈವಿಧ್ಯ ದಾಖಲಾತಿಯ ಸಿದ್ಧತೆ ಆ ಸಮಿತಿಯ ಮುಖ್ಯ ಕರ್ತವ್ಯ. ಕೆರೆಯಂಗಳದ ಹಕ್ಕಿಗಳನ್ನೂ ಮೀನುಗಳನ್ನೂ ಶ್ರದ್ಧೆಯಿಂದ ಗುರುತಿಸಿದ ವಿದ್ಯಾರ್ಥಿಯ ಬರಹವು ಈ ದಾಖಲಾತಿಗೆ ನೆರವಾಗಬಲ್ಲುದು.

ಆದುದರಿಂದ ಅಧ್ಯಾಪಕರಲ್ಲಿ ಒಂದು ಬಿನ್ನಹ: ವರ್ಷಕ್ಕೊಂದು ಹೊಸ ವಿಷಯವನ್ನು ಹುಡುಕುವುದನ್ನು ಬಿಟ್ಟು, ಕಾಲೇಜಿಗೆ ಸಮೀಪದ ಒಂದೇ ಕೆರೆಯನ್ನು ಆರಿಸಿಕೊಂಡು, ಒಂದೇ ವಿಧಾನದಿಂದ, ಒಂದು ತಂಡದವರು ಬಿಟ್ಟುದನ್ನು ಮುಂದಿನ ತಂಡದವರು ಮುಂದುವರಿಸುವಂತೆ ಮಾಡಿರಿ, ಅಳತೆಗಳ ಒಂದು ಪ್ರತಿಯನ್ನು ಪಂಚಾಯತಿಗೂ ಕೊಡಿರಿ. ಹತ್ತು ವರ್ಷ ಹೀಗೆ ನಡೆದರೆ, ತನ್ನ ಕೆರೆ ಕೆಡುತ್ತಿದೆಯೋ ಸುಧಾರಿಸುತ್ತಿದೆಯೋ ಎಂಬುದನ್ನು ಆ ಊರು ಯಾರನ್ನೂ ಕೇಳಬೇಕಾಗಿ ಬಾರದು.