ಕೌನ್ಸೆಲರ್ ಕೋಣೆಯೊಳಗೆ ಏನು ನಡೆಯುತ್ತದೆ?

ನಮ್ಮ ಕಾಲೇಜಿನ ಲೈಬ್ರರಿ ಹಿಂದೆ ಒಂದು ಸಣ್ಣ ಕೋಣೆಯಿದೆ, ಬಾಗಿಲ ಮೇಲೆ 'ಕೌನ್ಸೆಲರ್' ಎಂಬ ಬೋರ್ಡು. ಊರು ಬಿಟ್ಟು ಮುಂಬಯಿಗೆ ಬಂದ ಮೊದಲ ವರ್ಷ ಮೂರು ಸಲ ಆ ಬಾಗಿಲವರೆಗೆ ಹೋಗಿ, ಪರಿಚಯದವರು ಕಂಡೊಡನೆ ಲೈಬ್ರರಿಗೆ ಹೊರಟವನಂತೆ ತಿರುಗಿ ಬಂದೆ. ನಾಲ್ಕನೆಯ ಸಲ ಒಳಗೆ ಹೋದೆ. ಅಲ್ಲಿ ಏನು ನಡೆಯುತ್ತದೆಂದು ಯಾರಾದರೂ ಮೊದಲೇ ಹೇಳಿದ್ದರೆ ನನ್ನದೊಂದು ಸೆಮಿಸ್ಟರ್ ಉಳಿಯುತ್ತಿತ್ತು. ಅದಕ್ಕೇ ಈ ಬರಹ.

ಹೆದರಿಕೆಗೆ ಕಾರಣವಿತ್ತು. ನಮ್ಮ ಕಡೆ ಯಾರಾದರೂ ಅಡ್ಡಾದಿಡ್ಡಿ ಮಾತಾಡಿದರೆ 'ಇವನ್ನ ಧಾರವಾಡಕ್ಕ ಕಳಸ್ರಿ' ಅಂತ ನಗುತ್ತಾರೆ. ಮುಂಬಯಿಯವರು ಅದೇ ಚೇಷ್ಟೆಗೆ ಠಾಣೆ ಅನ್ನುತ್ತಾರೆ, ಪುಣೆಯವರು ಯೆರವಡಾ. ಮೂರೂ ಕಡೆ ಬ್ರಿಟಿಷರ ಕಾಲದಿಂದ ಮಾನಸಿಕ ಆಸ್ಪತ್ರೆಗಳಿವೆ. ಈ ನಗೆ ಕೇಳುತ್ತ ಬೆಳೆದವನಿಗೆ, ನಿದ್ದೆ ಬರುತ್ತಿಲ್ಲ ಎನ್ನಲೂ ನಾಚಿಕೆ.

ಒಳಗೆ ಒಂದು ಮೇಜು, ಎರಡು ಕುರ್ಚಿ, ಅಷ್ಟೇ. ಕೌನ್ಸೆಲರ್ ಔಷಧಿ ಬರೆಯುವವರಲ್ಲ; ಅದು ಎಂ.ಬಿ.ಬಿ.ಎಸ್. ಮುಗಿಸಿ ಮುಂದೆ ಮನೋವೈದ್ಯ ಶಾಸ್ತ್ರ ಓದಿದ ಡಾಕ್ಟರ ಕೆಲಸ. ಆ ಮೇಡಂ ಕೇಳಿದ್ದು ನಿದ್ದೆ, ಊಟ, ಓದು, ಮತ್ತು ಇದೆಲ್ಲ ಎಷ್ಟು ದಿನದಿಂದ ಎಂದು. ಈ 'ಎಷ್ಟು ದಿನ' ಮುಖ್ಯ. ಪರೀಕ್ಷೆಯ ಹಿಂದಿನ ರಾತ್ರಿ ಯಾರಿಗೆ ಹೊಟ್ಟೆ ಕಲಸುವುದಿಲ್ಲ? ಮಾರ್ಕ್ಸು ಕೆಟ್ಟರೆ ನಾಲ್ಕು ದಿನ ಬೇಜಾರೂ ಇದ್ದದ್ದೇ. ಆದರೆ ಎರಡು ವಾರ, ಹೆಚ್ಚುಕಡಿಮೆ ಇಡೀ ದಿನ, ಮನಸ್ಸು ಕುಗ್ಗಿ, ಮೊದಲು ಇಷ್ಟವಾಗಿದ್ದ ಯಾವುದೂ ಬೇಡವಾಗಿ, ನಿದ್ದೆ ಊಟ ಕೆಟ್ಟರೆ, ಖಿನ್ನತೆ ಇರಬಹುದೆ ಎಂದು ನೋಡುತ್ತಾರೆ.

ಆಮೇಲೆ ನೇರವಾಗಿಯೇ, 'ಸಾಯಬೇಕು ಅನ್ನಿಸಿದೆಯೆ?' ಎಂದರು. ಬೆಚ್ಚಿಬಿದ್ದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಗುತ್ತದೆಂದು ನಾವೆಲ್ಲ ನಂಬಿದ್ದೇವೆ. ಹಾಗಾಗುವುದಿಲ್ಲವೆಂದು ಸಂಶೋಧನೆಗಳು ತೋರಿಸಿವೆ. ಕೇಳಿದರೆ ಹೇಳಿಕೊಳ್ಳುವ ದಾರಿಯಾಗುತ್ತದೆ. ರೂಮಿನ ಗೆಳೆಯನ ಬಗ್ಗೆ ಅನುಮಾನ ಬಂದರೆ ನಾವೂ ಕೇಳಬಹುದು. ಹೌದೆಂದರೆ ಅವನನ್ನು ಒಬ್ಬನೇ ಬಿಡಬಾರದು, ಜೊತೆಗೇ ಕರೆದುಕೊಂಡು ಹೋಗಬೇಕು.

ಹೇಳಿದ್ದೆಲ್ಲ ಅಪ್ಪನಿಗೆ, ಪ್ರಿನ್ಸಿಪಾಲರಿಗೆ ಮುಟ್ಟುತ್ತದೆಯೆ? 2017ರ ಮಾನಸಿಕ ಆರೋಗ್ಯ ಕಾಯಿದೆ ಚಿಕಿತ್ಸೆಯ ವಿಷಯ ಗುಟ್ಟಾಗಿರುವ ಹಕ್ಕನ್ನು ಕೊಟ್ಟಿದೆ. ಜೀವಕ್ಕೆ ಅಪಾಯವಿದ್ದರೆ ಮಾತ್ರ ಬೇರೆ ಮಾತು.

ನನ್ನ ಕಷ್ಟ ಭಾಷೆಯದು. 'ಎದಿ ಹಿಡಕೊಂಡಂಗ ಆಗ್ತದ' ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಹೋಗಿ ಹೃದಯದ ಕಾಯಿಲೆಯ ವಿಚಾರಣೆಗೆ ಸಿಕ್ಕಿಕೊಂಡೆ! ಇಂಥವರಿಗೆ ಟೆಲಿ-ಮಾನಸ್ ಇದೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ್ದು, ಬೆಂಗಳೂರಿನ ನಿಮ್ಹಾನ್ಸ್ ಅದರ ಪ್ರಧಾನ ಕೇಂದ್ರ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಿ ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಇದೆ. ಕಾಸು ಕೊಡಬೇಕಿಲ್ಲ.

ಇನ್ನೊಂದು ಮಾತು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಸಂಸ್ಥೆಯಲ್ಲಿ ತರಬೇತಿಯಾದ ಒಬ್ಬ ಕೌನ್ಸೆಲರ್ ಆದರೂ ಇರಬೇಕೆಂದು ಸುಪ್ರೀಂ ಕೋರ್ಟು 2025ರ ಜುಲೈನಲ್ಲಿ ಹೇಳಿದೆ. ಬೇರೆ ಕಾಲೇಜಿನ ಗೆಳೆಯರು ತಮ್ಮಲ್ಲಿ ಆ ಬೋರ್ಡು ಕಾಣದಿದ್ದರೆ ಆಫೀಸಿನಲ್ಲಿ ಕೇಳಲಿ.

ನಮ್ಮಲ್ಲಿ ಕೋಣೆ ಮಂಗಳವಾರ, ಶುಕ್ರವಾರ ಮಧ್ಯಾಹ್ನ 2ರಿಂದ 5ರವರೆಗೆ ತೆರೆದಿರುತ್ತದೆ. ಒಬ್ಬರೇ ಹೋಗಲು ಸಂಕೋಚವಾದರೆ ನನ್ನನ್ನು ಕರೆಯಿರಿ, ಹೊರಗಿನ ಬೆಂಚಿನ ಮೇಲೆ ಕೂತಿರುತ್ತೇನೆ. ಯಾಕೆ ಎಂದು ಕೇಳುವುದಿಲ್ಲ.